ಗಣಕಯಂತ್ರವೂ ಉದ್ಯೋಗಸ್ಥರಾದ ನಮ್ಮ ಹೆಣ್ಣುಮಕ್ಕಳೂ

ಪ್ರವೇಶಕಾಲದಲ್ಲಿ ಮಗಳ ಕೈಹಿಡಿದು ನಮ್ಮ ಕೊಠಡಿಗೆ ಬರುವ ತಾಯಿತಂದೆಗಳು ಈಗ ಕೆಲವು ವರ್ಷಗಳಿಂದ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. ಹಿಂದೆ ಹೊಲಿಗೆಯನ್ನೂ ಸಂಗೀತವನ್ನೂ ಕುರಿತು ಕೇಳುತ್ತಿದ್ದ ಸ್ಥಾನದಲ್ಲಿ ಅವರು ಈಗ, "ಇಲ್ಲಿ ಕಂಪ್ಯೂಟರ್ ಕಲಿಸುವಿರಷ್ಟೆ?" ಎನ್ನುವರು. ಕಲಿಸುವೆವೆಂದು ನಾವು ಉತ್ತರಕೊಡುವೆವು; ಅವರೂ ಸಮಾಧಾನದಿಂದ ಅರ್ಜಿಗೆ ರುಜುಹಾಕಿ ಹೊರಡುವರು. ಆದರೆ ಆ ಪ್ರಶ್ನೆಗೆ ಸಲ್ಲತಕ್ಕ ಉತ್ತರವು ಇಷ್ಟು ಚಿಕ್ಕದಲ್ಲ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವಂಥದೂ ಅಲ್ಲ. ಸ್ಮರಣಸಂಚಿಕೆಯ ಸಂಪಾದಕಿಯರು ದಯೆಯಿಟ್ಟು ನಮಗೆ ಕೆಲವು ಪುಟಗಳನ್ನು ಬಿಟ್ಟುಕೊಟ್ಟಿರುವುದರಿಂದ, ಬಾಗಿಲಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುವೆವು.

ಉದ್ಯೋಗಕ್ಕೆ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಾಗ ಶಾಲೆಗೆ ಬರುವುದುಂಟು. ಬಂದವರನ್ನು ನಾವು ವಿಚಾರಿಸದೆ ಬಿಡುವುದಿಲ್ಲ. ಬ್ಯಾಂಕಿನ ಗಲ್ಲದ ಹಿಂದೆ ಕುಳಿತವರು, ಆಸ್ಪತ್ರೆಯಲ್ಲಿ ರೋಗಿಗಳ ಹೆಸರನ್ನು ಬರೆದುಕೊಳ್ಳುವವರು, ತಾಲ್ಲೂಕು ಕಚೇರಿಯಲ್ಲಿರುವವರು, ಬಟ್ಟೆಯಂಗಡಿಯಲ್ಲಿ ಬಿಲ್ಲು ಮಾಡುವವರು, ಇವರಲ್ಲಿ ಗಣಕವಿಲ್ಲದೆ ಕೆಲಸಮಾಡುವವಳು ಒಬ್ಬಳಾದರೂ ಇರುವಳೋ ಕಾಣೆವು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಯಾವುದು ಕಷ್ಟವಾಯಿತೆಂದು ಎಲ್ಲರನ್ನೂ ಕೇಳುವುದು ನಮ್ಮ ವಾಡಿಕೆ. ಯಂತ್ರವು ಕಷ್ಟವಾಯಿತೆಂದು ಹೇಳಿದವರು ಬಹಳ ಕಡಮೆ. ಯಾರನ್ನು ಕೇಳಬೇಕೆಂಬುದೇ ತಿಳಿಯದೆ ಹೋಯಿತು. ಕೇಳಿದರೆ ದಡ್ಡಿಯೆಂದುಕೊಳ್ಳುವರೆಂಬ ಹೆದರಿಕೆಯಿಂದ ಬಾಯಿಕಟ್ಟಿತು. ಕಡೆಗೆ ಪಕ್ಕದ ಕುರ್ಚಿಯಲ್ಲಿದ್ದವರು ತಾವಾಗಿ ತಿರುಗಿನೋಡಿ ಹೇಳಿಕೊಟ್ಟರು. ಬೇರೆಬೇರೆ ಮಾತಿನಲ್ಲಿ ಅವರೆಲ್ಲರೂ ಹೇಳುವುದು ಇದನ್ನೇ. ಪ್ರಮಾಣಪತ್ರಗಳನ್ನು ಗೋಡೆಗೆ ತೂಗುಹಾಕುವ ಕಂಪ್ಯೂಟರ್ ತರಬೇತಿ ಶಾಲೆಗಳು ಬೀದಿಗೊಂದರಂತೆ ಇರುವಾಗಲೂ, ಕಚೇರಿಯ ಗಣಕವನ್ನು ನಮ್ಮ ಹುಡುಗಿಯರು ಕಲಿಯುತ್ತಿರುವುದು ಪಕ್ಕದ ಕುರ್ಚಿಯಿಂದ.

ಇದಕ್ಕೆ ಕಾರಣವಿಲ್ಲದಿಲ್ಲ. ಶಾಲೆಯ ಗಣಕವೂ ಕಚೇರಿಯ ಗಣಕವೂ ನೋಟಕ್ಕೆ ಒಂದೇ ಆದರೂ ಕೆಲಸದಲ್ಲಿ ಒಂದೇ ಅಲ್ಲ. ಶಾಲೆಯಲ್ಲಿ ಹುಡುಗಿಯೊಬ್ಬಳು ತಪ್ಪು ಅಂಕೆಯನ್ನು ಒತ್ತಿದರೆ ಅದನ್ನು ಅಳಿಸಿ ಮತ್ತೊಂದನ್ನು ಒತ್ತುವಳು. ಲೋಕಕ್ಕೆ ಅದರಿಂದ ಏನೂ ಆಗದು. ಬ್ಯಾಂಕಿನಲ್ಲಿ ಅದೇ ಬೆರಳು ಅದೇ ಅಂಕೆಯನ್ನು ಒತ್ತಿದರೆ ಅದು ಇನ್ನಾರದೋ ಪಾಸುಪುಸ್ತಕದಲ್ಲಿ ಹೋಗಿ ಕುಳಿತುಕೊಳ್ಳುವುದು. ಕಚೇರಿಯ ಗಣಕವೆಂದರೆ ಮೇಜಿನ ಮೇಲಿನ ಪೆಟ್ಟಿಗೆ ಮಾತ್ರವಲ್ಲ. ಅದರ ಹಿಂದೆ ಆ ಕಚೇರಿಯ ಕಾಯಿದೆ, ಮೇಲಧಿಕಾರಿಯ ಒಪ್ಪಿಗೆ, ನಾಲ್ಕು ಗಂಟೆಗೆ ಮುಚ್ಚುವ ಲೆಕ್ಕ, ಎದುರಿಗೆ ನಿಂತಿರುವ ಮನುಷ್ಯನ ಅವಸರ ಇವೆಲ್ಲವೂ ಇರುವುವು. ಇವನ್ನು ಬಿಟ್ಟು ಕೀಲಿಗಳನ್ನು ಮಾತ್ರ ಕಲಿಸುವುದೆಂದರೆ, ಅಡಿಗೆಯನ್ನು ಬಿಟ್ಟು ಸೌಟನ್ನು ಹಿಡಿಯುವುದನ್ನು ಮಾತ್ರ ಕಲಿಸಿದಂತಾಗುವುದು.

ಕೀಲಿಗಳ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ನಾವು ಓದುತ್ತಿದ್ದ ಕಾಲದಲ್ಲಿ, ಎಂದರೆ 1990ರ ದಶಕದ ಕೊನೆಯಲ್ಲಿ, ಪೇಟೆಯ ಮಹಡಿಗಳಲ್ಲಿ ಬೆರಳಚ್ಚಿನ ಶಾಲೆಗಳು ಇನ್ನೂ ಟಕಟಕನೆ ಸದ್ದುಮಾಡುತ್ತಿದ್ದುವು. ಅನಂತ ಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚುಯಂತ್ರದ ಮೇಲೆ ಅಭ್ಯಾಸಮಾಡಿದವರು ಅಕ್ಷರದ ಆಕಾರವನ್ನು ತುಂಡುತುಂಡಾಗಿ ಜೋಡಿಸುತ್ತಿದ್ದರು. ಬೆರಳು ಕಣ್ಣಿನ ಆಜ್ಞೆಯನ್ನು ಪಾಲಿಸುತ್ತಿದ್ದಿತು. ಆಮೇಲೆ ಬಂದ ಗಣಕದಲ್ಲಿ ಕೆ. ಪಿ. ರಾಯರು ಯೋಜಿಸಿದ ಕೀಲಿಮಣೆಯೇ ರೂಢಿಗೆ ಬಂದು, 'ನುಡಿ' ತಂತ್ರಾಂಶದ ಮೂಲಕ ಸರ್ಕಾರದ ಕಚೇರಿಗಳಲ್ಲೆಲ್ಲ ನೆಲೆಸಿತು. ಅದರ ತರ್ಕವೇ ಬೇರೆ. ಅಲ್ಲಿ ಒತ್ತುವುದು ಆಕಾರವನ್ನಲ್ಲ, ಉಚ್ಚಾರವನ್ನು. 'ಅಮ್ಮ' ಎಂದು ಬರೆಯಬೇಕಾದರೆ ಅಕಾರವನ್ನೂ ಮಕಾರವನ್ನೂ ಒತ್ತಿ, ಎಫ್ ಎಂಬ ಕೀಲಿಯಿಂದ ಆ ಮಕಾರದೊಳಗಿನ ಸ್ವರವನ್ನು ತೆಗೆದು, ಮತ್ತೆ ಮಕಾರವನ್ನು ಒತ್ತಬೇಕು; ಒತ್ತಕ್ಷರವನ್ನು ಯಂತ್ರವು ತಾನೇ ಕೆಳಗಿಳಿಸಿ ಬರೆಯುವುದು. ವ್ಯಾಕರಣದ ಪಾಠದಲ್ಲಿ ವ್ಯಂಜನವೂ ಸ್ವರವೂ ಕೂಡಿ ಗುಣಿತಾಕ್ಷರವಾಗುವುದೆಂದು ತಿಳಿದ ಹುಡುಗಿಗೆ ಇದು ಅರ್ಧ ಗಂಟೆಯ ಕೆಲಸ. ಆದರೆ ಇಪ್ಪತ್ತು ವರ್ಷ ಆಕಾರಗಳನ್ನು ಜೋಡಿಸಿದ ಪ್ರವೀಣೆಗೆ ಅದೆಷ್ಟು ಕಷ್ಟವಾಯಿತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರ ಬೆರಳಿಗೆ ತಿಳಿದುದನ್ನು ಮನಸ್ಸು ಮರೆಸಬೇಕಾಗಿತ್ತು. ಅಂಥವರನ್ನು ಹೊಸಬರು ನಕ್ಕದ್ದೂ ಉಂಟು. ನಗತಕ್ಕ ಮಾತಲ್ಲ ಅದು. ಈ ಹೊತ್ತಿನ ತಂತ್ರಾಂಶವೂ ನಾಳೆ ಬದಲಾಗುವುದು. ಆಗ ಇಂದಿನ ಚುರುಕುಬೆರಳುಗಳೂ ಅದೇ ಪಾಡನ್ನು ಪಡುವುವು.

ಜನರು ಕೆಲಸದಲ್ಲಿ ಗಣಕವನ್ನು ಹೇಗೆ ಕಲಿಯುವರೆಂಬುದನ್ನು ವಿದ್ವಾಂಸರು ಹತ್ತಿರ ಕುಳಿತು ನೋಡಿರುವರು. ಅಮೆರಿಕದಲ್ಲಿ 1980ರ ದಶಕದಲ್ಲಿ ಐ.ಬಿ.ಎಂ. ಕಂಪನಿಯ ಸಂಶೋಧನಾಲಯದ ಜಾನ್ ಕ್ಯಾರೊಲ್ ಎಂಬವರು, ಕಚೇರಿಯ ಕೆಲಸದವರಿಗೆ ಬರೆಹದ ಗಣಕವನ್ನೂ ಅದರ ದಪ್ಪನಾದ ಕೈಪಿಡಿಯನ್ನೂ ಕೊಟ್ಟು ಏನು ಮಾಡುವರೆಂದು ಗಮನಿಸಿದರು. ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರಿಲ್ಲ. ಎಲ್ಲರೂ ನೇರವಾಗಿ ಕೆಲಸಕ್ಕೇ ಕೈಹಾಕಿದರು. ಎಡವಿದಾಗ ತಮಗೆ ತೋಚಿದ ಕಾರಣವನ್ನು ಕಲ್ಪಿಸಿಕೊಂಡು ಮುಂದೆ ಹೋದರು. ನೀರಿಗಿಳಿಯದೆ ಈಜು ಬಾರದೆಂಬ ನಮ್ಮವರ ಗಾದೆಯೂ ಇದೇ ತಾನೆ? ಕ್ಯಾರೊಲರು ಇದಕ್ಕಾಗಿ ಕಲಿಯುವವರನ್ನು ಬಯ್ಯಲಿಲ್ಲ. ಕೈಪಿಡಿಯನ್ನೇ ತೆಳ್ಳಗೆ ಮಾಡಿದರು. ಎಡವಿದಮೇಲೆ ಏಳುವುದು ಹೇಗೆಂಬುದಕ್ಕೆ ಅದರಲ್ಲಿ ಹೆಚ್ಚು ಸ್ಥಳ ಕೊಟ್ಟರು. ಎಳೆಯ ಮಗುವಿನ ಸೈಕಲ್ಲಿಗೆ ಪಕ್ಕದಲ್ಲಿ ಎರಡು ಪುಟ್ಟ ಚಕ್ರಗಳನ್ನು ಕಟ್ಟುವಂತೆ, ಅಪಾಯಕರವಾದ ಕೀಲಿಗಳು ಹೊಸಬರಿಗೆ ಕೆಲಸಮಾಡದ ಹಾಗೆ ತಡೆದಿಡುವ ಏರ್ಪಾಡನ್ನೂ ಮಾಡಿದರು. ಮೂವತ್ತು ಮಕ್ಕಳಿಗೆ ಅಕ್ಷರ ತಿದ್ದಿಸಿದ ಯಾವ ಉಪಾಧ್ಯಾಯಿನಿಯೂ ಈ ಏರ್ಪಾಡನ್ನು ಮೆಚ್ಚದೆ ಇರಲಾರಳು.

ಕೈಪಿಡಿಯೇ ಇಲ್ಲದೆ ಕಲಿತವರ ಕಥೆಯೊಂದನ್ನು ನಾವು ಪ್ರತಿವರ್ಷವೂ ಒಂಬತ್ತನೆಯ ತರಗತಿಯವರಿಗೆ ಹೇಳುವುದುಂಟು; ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ, ಫಿರಂಗಿಯ ಗುಂಡು ಎಷ್ಟು ದೂರ ಹೋಗಿ ಬೀಳುವುದೆಂಬ ಲೆಕ್ಕಕ್ಕಾಗಿ ಎನಿಯಾಕ್ ಎಂಬ ಗಣಕವನ್ನು ಕಟ್ಟಿದರು. ಸುಮಾರು 18,000 ನಿರ್ವಾತ ನಳಿಗೆಗಳುಳ್ಳ, ಒಂದು ದೊಡ್ಡ ಕೊಠಡಿಯನ್ನೇ ತುಂಬಿದ ಯಂತ್ರವದು. ಅದಕ್ಕೆ ಲೆಕ್ಕವನ್ನು ಊಡಿಸುವ ಕೆಲಸಕ್ಕೆ 1945ರಲ್ಲಿ ಆರಿಸಲ್ಪಟ್ಟವರು ಆರು ಮಂದಿ ತರುಣಿಯರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಾಸ್, ರೂತ್ ಲಿಕ್ಟರ್‌ಮನ್. ಮೊದಮೊದಲು ಯುದ್ಧರಹಸ್ಯವೆಂದು ಅವರಿಗೆ ಯಂತ್ರವನ್ನು ನೋಡುವುದಕ್ಕೂ ಅಪ್ಪಣೆಯಿರಲಿಲ್ಲ. ಕೈಗೆ ಸಿಕ್ಕಿದ್ದು ತಂತಿಗಳ ನಕ್ಷೆಗಳ ಕಟ್ಟು ಮಾತ್ರ. ಆ ನಕ್ಷೆಗಳನ್ನು ಹರಡಿಕೊಂಡು, ಅರ್ಥವಾಗದೆ ಹೋದಾಗ ಕಟ್ಟಿದ ಎಂಜಿನಿಯರುಗಳನ್ನೇ ಹುಡುಕಿಹೋಗಿ ಕೇಳಿ, ಒಬ್ಬರಿಗೆ ತಿಳಿದುದನ್ನು ಇನ್ನೊಬ್ಬರಿಗೆ ವಿವರಿಸಿ ಅವರು ಆ ಯಂತ್ರವನ್ನು ಕಲಿತರು. ಕಡೆಕಡೆಗೆ ಸಾವಿರಾರು ನಳಿಗೆಗಳ ನಡುವೆ ಕೆಟ್ಟ ನಳಿಗೆಯು ಇಂಥದೇ ಎಂದು ತೋರಿಸಬಲ್ಲವರಾದರು. 1946ನೆಯ ಫೆಬ್ರುವರಿಯಲ್ಲಿ ಯಂತ್ರವನ್ನು ಲೋಕಕ್ಕೆ ಪ್ರದರ್ಶಿಸಿದಾಗ ಅದು ಮಾಡಿ ತೋರಿಸಿದ ಲೆಕ್ಕವನ್ನು ಅಣಿಗೊಳಿಸಿದವರು ಜೆನಿಂಗ್ಸ್ ಮತ್ತು ಸ್ನೈಡರ್. ಆ ರಾತ್ರಿಯ ಔತಣಕ್ಕೆ ಅವರನ್ನು ಕರೆಯಲಿಲ್ಲ. ಈ ಮಾತಿಗೆ ಬಂದಾಗ ತರಗತಿಯಲ್ಲಿ ಗುಜುಗುಜು ಏಳುವುದು. ಏಳಲೆಂದೇ ನಾವೂ ಸ್ವಲ್ಪ ನಿಲ್ಲಿಸಿ ಹೇಳುವೆವು.

ಮತ್ತೊಬ್ಬ ವಿದ್ವಾಂಸರು ಜೂಲಿಯನ್ ಓರ್. ಜೆರಾಕ್ಸ್ ಕಂಪನಿಯ ಪ್ರತಿಯೆತ್ತುವ ಯಂತ್ರಗಳನ್ನು ದುರಸ್ತುಮಾಡುವವರ ಜೊತೆಯಲ್ಲಿ ಅಲೆದಾಡಿ 1996ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಕಂಪನಿಯು ದುರಸ್ತಿನ ಕ್ರಮವನ್ನೆಲ್ಲ ಅಚ್ಚುಮಾಡಿ ಕೊಟ್ಟಿತ್ತು. ಆದರೆ ಪುಸ್ತಕದಲ್ಲಿಲ್ಲದ ರೋಗವು ಯಂತ್ರಕ್ಕೆ ಬಂದಾಗ ಅವರು ಮಾಡುತ್ತಿದ್ದುದೇನು? ಊಟದ ಹೊತ್ತಿನಲ್ಲಿ ಒಂದೆಡೆ ಸೇರಿ, "ನನಗೂ ಹೋದ ತಿಂಗಳು ಹೀಗೆಯೇ ಆಯಿತು" ಎಂಬಂಥ ಕಥೆಗಳನ್ನು ಹೇಳಿಕೊಳ್ಳುತ್ತಿದ್ದರು. ಮೇಲಿನವರ ಕಣ್ಣಿಗೆ ಕಾಡುಹರಟೆಯಾಗಿ ಕಾಣಬಹುದಾದ ಆ ಮಾತುಕತೆಯೇ ಅವರ ನಿಜವಾದ ಗ್ರಂಥಾಲಯವಾಗಿತ್ತು. ನಮ್ಮ ಕಡೆಯ ಕಚೇರಿಗಳಲ್ಲಿಯೂ ಇದಕ್ಕೆ ಸಮನಾದುದೊಂದಿದೆ. ಯಾವ ಕಚೇರಿಗಾದರೂ ಹೋಗಿ ನೋಡಿರಿ: ಗಣಕದ ಪಕ್ಕದಲ್ಲಿ, ಅಂಚು ಸುತ್ತಿಕೊಂಡ ಒಂದು ಇನ್ನೂರು ಪುಟದ ನೋಟುಪುಸ್ತಕ ಇದ್ದೇ ಇರುವುದು. "ಮೊದಲು ಇದನ್ನು ಒತ್ತಬೇಕು, ಕೆಂಪು ಅಕ್ಷರ ಬಂದರೆ ಹೆದರಬಾರದು, ಹಿಂದಕ್ಕೆ ಹೋಗಿ ದಿನಾಂಕ ನೋಡಬೇಕು" ಎಂದು ಯಾರೋ ತಮ್ಮ ಕೈಬರೆಹದಲ್ಲಿ ಬರೆದಿಟ್ಟಿರುವರು. ಕೆಲಸದವರು ವರ್ಗವಾಗಿ ಹೋದರೂ ಪುಸ್ತಕವು ಮೇಜಿನ ಮೇಲೆಯೇ ಉಳಿದು ಮುಂದಿನವರಿಗೆ ಪಾಠಹೇಳುವುದು. ಲಕ್ಷಾಂತರ ರೂಪಾಯಿ ವೆಚ್ಚಮಾಡಿ ತಂದ ಏರ್ಪಾಡುಗಳು ಎಷ್ಟೋ ಕಡೆ ನಡೆಯುತ್ತಿರುವುದು ಈ ಪುಸ್ತಕದ ದಯೆಯಿಂದಲೇ ಎಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ನಾಡಿನಲ್ಲಿಯೇ ನಡೆದ ಬಹುದೊಡ್ಡ ಕೆಲಸವೊಂದನ್ನು ಇಲ್ಲಿ ನೆನೆಯಬೇಕು. ರೈತರ ಪಹಣಿಗಳನ್ನು ಗಣಕಕ್ಕೆ ಏರಿಸಿದ 'ಭೂಮಿ' ಯೋಜನೆಯು 2001ರ ಸುಮಾರಿಗೆ ಕರ್ನಾಟಕದ ತಾಲ್ಲೂಕುಗಳಲ್ಲೆಲ್ಲ ಜಾರಿಗೆ ಬಂದಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು. ಅದುವರೆಗೆ ಅವು ಗ್ರಾಮಲೆಕ್ಕಿಗರ ಕೈಬರೆಹದಲ್ಲಿ, ಅವರವರ ಬಸ್ತ್ರದಲ್ಲಿ ಇದ್ದುವು. ಅಕ್ಷರಗಳನ್ನು ಗಣಕಕ್ಕೆ ಊಡಿಸಿದ ಹುಡುಗಹುಡುಗಿಯರಿಗೆ ಕೀಲಿಮಣೆ ತಿಳಿದಿತ್ತು; ಖರಾಬು, ತರಿ, ಖುಷ್ಕಿ ಎಂಬ ಮಾತುಗಳ ಮರ್ಮ ತಿಳಿದಿರಲಿಲ್ಲ. ಲೆಕ್ಕಿಗರಿಗೆ ಮರ್ಮ ತಿಳಿದಿತ್ತು, ಕೀಲಿಮಣೆ ತಿಳಿದಿರಲಿಲ್ಲ. ಆದುದರಿಂದ ಗಣಕವು ಅಚ್ಚುಹಾಕಿದ ಹಾಳೆಗಳನ್ನು ಲೆಕ್ಕಿಗರ ಕೈಗೆ ಕೊಟ್ಟು ಮೂಲದೊಡನೆ ತಾಳೆನೋಡಿಸಿ ತಿದ್ದಿಸಬೇಕಾಯಿತು. ಇಬ್ಬರೂ ಸೇರಿದ್ದರಿಂದಲೇ ಕೆಲಸವು ಕೈಗೂಡಿತು. ಕಚೇರಿಯಲ್ಲಿ ಯಾರು ಯಾವ ಬದಲಾವಣೆ ಮಾಡಿದರೆಂಬುದನ್ನು ಆಮೇಲೆ ಅಲ್ಲಗಳೆಯದಂತೆ ಬೆರಳಗುರುತನ್ನೂ ಕಡ್ಡಾಯಮಾಡಿದರು. ರೈತನು 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿಯನ್ನು ಪಡೆಯತೊಡಗಿದನು. ಗಣಕದಿಂದ ದೊರೆತ ಒಳ್ಳೆಯದನ್ನು ನಾವು ಎಷ್ಟುಮಾತ್ರಕ್ಕೂ ಅಲ್ಲಗಳೆಯುವವರಲ್ಲ.

ಆದರೆ ಕೆಲಸ ಬಲ್ಲವರ ಮಾತಿಗೆ ಬೆಲೆಯಿಲ್ಲದೆ, ಯಂತ್ರದ ಮಾತೇ ವೇದವಾಕ್ಯವಾದರೆ ಏನಾಗುವುದೆಂಬುದನ್ನು ಇಂಗ್ಲೆಂಡಿನ ಅಂಚೆಯ ಕಥೆಯು ತೋರಿಸಿಕೊಟ್ಟಿದೆ. ತಾಯಿತಂದೆಗಳು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುವೆವು.

ಆ ದೇಶದ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಜೊತೆಗೇ ಅಂಚೆಯ ಕೆಲಸವನ್ನೂ ಗುತ್ತಿಗೆಯ ಮೇಲೆ ನಡೆಸುವ ಉಪಅಂಚೆಪಾಲಕರಿರುವರು. 1999ರಿಂದ ಮೊದಲುಗೊಂಡು ಅವರ ಮೇಜಿನ ಮೇಲೆ 'ಹೊರೈಜನ್' ಎಂಬ ಲೆಕ್ಕದ ಗಣಕವನ್ನು ಇಡಲಾಯಿತು. ಅದನ್ನು ಮಾಡಿಕೊಟ್ಟದ್ದು ಫುಜಿತ್ಸು ಕಂಪನಿ. ಸಂಜೆಯ ಲೆಕ್ಕದಲ್ಲಿ ಹಣ ಕಡಮೆಬಂದರೆ ಅಂಚೆಪಾಲಕರೇ ಕೈಯಿಂದ ತುಂಬಿಕೊಡಬೇಕು. ಗಣಕವು ಬಂದಮೇಲೆ ಅನೇಕರಿಗೆ ಕಾರಣವಿಲ್ಲದೆ ಹಣ ಕಡಮೆಬರತೊಡಗಿತು. ಹ್ಯಾಂಪ್‌ಶೈರಿನ ಒಂದು ಹಳ್ಳಿಯಲ್ಲಿ ಅಂಚೆ ನಡೆಸುತ್ತಿದ್ದ ಜೋ ಹ್ಯಾಮಿಲ್ಟನ್ ಎಂಬಾಕೆ ಸಹಾಯವಾಣಿಗೆ ಟೆಲಿಫೋನು ಮಾಡಿ, ಅವರು ಹೇಳಿದ ಕೀಲಿಗಳನ್ನೇ ಒತ್ತುತ್ತಾ ಹೋದಾಗ, 2,000 ಪೌಂಡುಗಳ ಕೊರತೆಯು ಆಕೆಯ ಕಣ್ಣೆದುರಿಗೇ 4,000 ಆಯಿತು. ಇಂಥವರು ನೂರಾರು ಮಂದಿ ಇದ್ದರು. ಆದರೆ ಸಹಾಯವಾಣಿಗೆ ಹೇಳಿಕೊಂಡವರಿಗೆ ಸಿಕ್ಕಿದ ಉತ್ತರವೇನು? ಇಂಥ ತೊಂದರೆಯು ಬೇರೆ ಯಾರಿಗೂ ಇಲ್ಲ, ನಿಮಗೊಬ್ಬರಿಗೇ!

ಈ ಮಾತನ್ನು ನಾವು ಮತ್ತೆಮತ್ತೆ ಯೋಚಿಸಿದ್ದೇವೆ. ಅವರಲ್ಲಿ ಪ್ರತಿಯೊಬ್ಬರೂ ತಮ್ಮತಮ್ಮ ಹಳ್ಳಿಯಲ್ಲಿ ಒಂಟಿಯಾಗಿ ಕುಳಿತವರು. ಪಕ್ಕದ ಕುರ್ಚಿಯೆಂಬುದೇ ಅವರಿಗಿರಲಿಲ್ಲ. "ನನಗೂ ಹೀಗೆಯೇ ಆಯಿತು" ಎಂದು ಹೇಳತಕ್ಕವರು ಮೂವತ್ತು ಮೈಲಿ ದೂರದ ಇನ್ನೊಂದು ಹಳ್ಳಿಯಲ್ಲಿ, ತಾವೂ ಒಂಟಿಯೆಂದು ತಿಳಿದು ಕಣ್ಣೀರಿಡುತ್ತಿದ್ದರು. ತಮ್ಮಲ್ಲಿಯೇ ಏನೋ ಕುಂದಿದೆಯೆಂದುಕೊಂಡು ಉಳಿತಾಯವನ್ನೂ ಮನೆಯನ್ನೂ ಒತ್ತೆಯಿಟ್ಟು ತುಂಬಿಕೊಟ್ಟವರಿದ್ದರು. ತುಂಬಲಾರದವರ ಮೇಲೆ ಕಳ್ಳತನದ ಮೊಕದ್ದಮೆಗಳಾದುವು. ಯಂತ್ರವು ಸರಿಯಾಗಿಯೇ ನಡೆಯುತ್ತಿತ್ತೆಂದು ನ್ಯಾಯಾಲಯವು ಮೊದಲೇ ಭಾವಿಸಿಕೊಳ್ಳುವುದು ಅಲ್ಲಿಯ ನಿಯಮವಾಗಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಭಾರತೀಯ ಮೂಲದ ಸೀಮಾ ಮಿಶ್ರಾ ಎಂಬ ಅಂಚೆಪಾಲಕಿಗೆ 2010ರಲ್ಲಿ 15 ತಿಂಗಳ ಸೆರೆವಾಸವನ್ನು ವಿಧಿಸಿದಾಗ ಆಕೆ ಗರ್ಭಿಣಿಯಾಗಿದ್ದಳು. ಆ ದಿನವು ಆಕೆಯ ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬವಾಗಿತ್ತು.

ಕಟ್ಟು ಸಡಿಲಿದ್ದು ಹೇಗೆಂದರೆ, ಅವರು ಒಬ್ಬರನ್ನೊಬ್ಬರು ಕಂಡುಕೊಂಡದ್ದರಿಂದ. 2009ರಲ್ಲಿ ಒಂದು ಗಣಕ ಪತ್ರಿಕೆಯು ಏಳು ಮಂದಿಯ ಕಥೆಯನ್ನು ಅಚ್ಚುಹಾಕಿತು. ಅದೇ ವರ್ಷ ಆಲನ್ ಬೇಟ್ಸ್ ಎಂಬವರ ಪ್ರಯತ್ನದಿಂದ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಮಂದಿರದಲ್ಲಿ ಕೆಲವು ಅಂಚೆಪಾಲಕರು ಬಂದು ಸೇರಿದರು. ತಾವೊಬ್ಬರೇ ಅಲ್ಲವೆಂಬುದು ಅಲ್ಲಿ ಅವರಿಗೆ ತಿಳಿಯಿತು. ಅಲ್ಲಿಂದ ಹತ್ತು ವರ್ಷಗಳ ಹೋರಾಟ. 2019ನೆಯ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆ ಗಣಕದ ಏರ್ಪಾಡಿನಲ್ಲಿ ದೋಷಗಳಿದ್ದುದು ನಿಜವೆಂದು ತೀರ್ಪುಕೊಟ್ಟಿತು. 2021ರಲ್ಲಿ ಮಿಶ್ರಾ ಅವರೂ ಹ್ಯಾಮಿಲ್ಟನ್ನರೂ ಸೇರಿದಂತೆ 39 ಮಂದಿಯ ಶಿಕ್ಷೆಗಳು ಒಂದೇ ದಿನ ರದ್ದಾದುವು. 2024ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿ ಉಳಿದ ನೂರಾರು ಮಂದಿಯನ್ನು ನಿರಪರಾಧಿಗಳನ್ನಾಗಿ ಮಾಡಿತು. ಅಷ್ಟರಲ್ಲಿ ಕೆಲವರು ಮಣ್ಣುಪಾಲಾಗಿದ್ದರು.

ಇದು ದೂರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮಲ್ಲಿ ಸೆರೆಮನೆಯ ಮಾತು ಬಾರದೆ ಇರಬಹುದು. ಆದರೆ "ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ" ಎಂಬ ಮಾತನ್ನು ಕೇಳದೆ ಕಚೇರಿಯಿಂದ ಹಿಂದಿರುಗಿದ ಬಡವರು ಯಾರಿರುವರು? ನಮ್ಮ ರಾಜ್ಯದ ಶಾಲೆಗಳಲ್ಲಿ ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರೂ 'ಸ್ಯಾಟ್ಸ್' ಎಂಬ ಗಣಕದ ಪಟ್ಟಿಯಲ್ಲಿ ಸೇರಿ, ಒಂದು ಸಂಖ್ಯೆಯನ್ನು ಪಡೆಯುವುದು. ಶಾಲೆ ಬದಲಾದರೂ ಆ ಸಂಖ್ಯೆಯು ಹಿಂಬಾಲಿಸುವುದು. ವಿದ್ಯಾರ್ಥಿವೇತನವು ನೇರವಾಗಿ ಬ್ಯಾಂಕಿನ ಖಾತೆಗೆ ಬರುವುದು. ಇದು ಬಹಳ ಒಳ್ಳೆಯದು. ನಡುವೆ ನುಂಗುವವರಿಗೆ ಎಡೆಯಿಲ್ಲ. ಆದರೆ ಶಾಲೆಯ ಪಟ್ಟಿ, ಆಧಾರ್, ಬ್ಯಾಂಕು ಇವುಗಳಲ್ಲಿ ಹೆಸರು ಒಂದೇ ಆಗಿರಬೇಕು. ಲಕ್ಷ್ಮಿ ಎಂಬ ಹೆಸರನ್ನು ಕನ್ನಡದಲ್ಲಿ ಬರೆದರೆ ಯಾವ ಸಂದೇಹವೂ ಇಲ್ಲ. ಇಂಗ್ಲಿಷಿನಲ್ಲಿ ಒಬ್ಬರು ಕೆ, ಎಸ್, ಎಚ್ ಎಂಬ ಮೂರು ಅಕ್ಷರಗಳಿಂದ ಬರೆಯುವರು. ಇನ್ನೊಬ್ಬರು ಎಕ್ಸ್ ಎಂಬ ಒಂದೇ ಅಕ್ಷರದಿಂದ ಮುಗಿಸುವರು. ತಂದೆಯ ಹೆಸರಿನ ಮೊದಲಕ್ಷರವನ್ನು ಒಬ್ಬರು ಮುಂದೆ ಇಡುವರು. ಒಬ್ಬರು ಹಿಂದೆ ಇಡುವರು. ಮನುಷ್ಯರ ಕಣ್ಣಿಗೆ ಇವೆಲ್ಲ ಒಬ್ಬಳೇ ಹುಡುಗಿ. ಅಕ್ಷರಕ್ಕೆ ಅಕ್ಷರವನ್ನಿಟ್ಟು ಹೋಲಿಸುವ ಯಂತ್ರಕ್ಕೆ ಇವರು ಬೇರೆಬೇರೆ ಹುಡುಗಿಯರು.

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯ ಒಬ್ಬ ಬಾಲೆಗೆ ಬರಬೇಕಾಗಿದ್ದ ವಿದ್ಯಾರ್ಥಿವೇತನವು ಬಾರದೆ ಹೋಯಿತು. ಆಕೆಯ ತಾಯಿ ಕೂಲಿಯ ಹೆಂಗಸು. ಮೂರು ದಿನದ ಕೂಲಿಯನ್ನು ಬಿಟ್ಟು ಮೂರು ಕಚೇರಿಗಳಿಗೆ ಅಲೆದಳು. ನಮ್ಮ ಪಟ್ಟಿಯಲ್ಲಿ ಹೆಸರು ಸರಿಯಾಗಿದ್ದಿತು. ಒಂದು ಕಚೇರಿಯವರು ಇನ್ನೊಂದಕ್ಕೆ, ಆ ಕಚೇರಿಯವರು ಮೊದಲಿನದಕ್ಕೆ ಕೈತೋರಿಸಿದರು. ಎಲ್ಲರೂ ಯಂತ್ರವು ಹೇಳಿದುದನ್ನು ಓದಿ ಹೇಳುವವರೇ ಆಗಿದ್ದರು. ಯಂತ್ರವು ಏಕೆ ಹಾಗೆ ಹೇಳುತ್ತಿದೆಯೆಂದು ಕೇಳುವವರಿರಲಿಲ್ಲ. ಕಡೆಗೆ ಬೇರೊಂದು ಕಿಟಕಿಯ ಹಿಂದೆ ಕೆಲಸಮಾಡುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ಊಟದ ಬಿಡುವಿನಲ್ಲಿ, ಆ ತಾಯಿಯ ಕೈಯಲ್ಲಿದ್ದ ಎರಡು ಕಾಗದಗಳನ್ನು ಒಂದರ ಕೆಳಗೊಂದು ಇಟ್ಟು ಅಕ್ಷರ ಎಣಿಸಿದಳು. ಹೆಸರನ್ನೂ ಮೊದಲಕ್ಷರವನ್ನೂ ಒಂದು ಕಾಗದದಲ್ಲಿ ಬಿಡಿಸಿ ಬರೆದಿತ್ತು. ಇನ್ನೊಂದರಲ್ಲಿ ಕೂಡಿಸಿ ಬರೆದಿತ್ತು. ಬೆರಳಿನ ಅಗಲದಷ್ಟೂ ಇಲ್ಲದ ಆ ಖಾಲಿ ಜಾಗವನ್ನು ದಾಟಲಾರದೆ ಹಣವು ನಿಂತುಹೋಗಿತ್ತು. ತಿದ್ದುಪಡಿಯ ಅರ್ಜಿಯನ್ನು ತಾನೇ ತುಂಬಿ, ಯಾವ ಕಿಟಕಿಯಲ್ಲಿ ಕೊಡಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಳು. ಹಣ ಬಂದಿತು. ಆ ವಿದ್ಯಾರ್ಥಿನಿ ಶಾಲೆಯಲ್ಲಿದ್ದಾಗ ಗಣಕದ ಪರೀಕ್ಷೆಯಲ್ಲಿ ಮೊದಲನೆಯವಳೇನೂ ಆಗಿರಲಿಲ್ಲ. ಪ್ರಶ್ನೆಗಳನ್ನು ಕೇಳಿ ಉಪಾಧ್ಯಾಯಿನಿಯರನ್ನು ದಣಿಸುವವಳೆಂದು ಹೆಸರಾಗಿದ್ದಳು.

"ನಮ್ಮ ಮಗಳಿಗೆ ಮೊಬೈಲಿನಲ್ಲಿ ಎಲ್ಲವೂ ಬರುವುದು" ಎಂದು ಕೆಲವು ತಂದೆಗಳು ಹೆಮ್ಮೆಯಿಂದ ಹೇಳುವರು. ಬರುವುದೆಂಬುದು ದಿಟ, ಹೆಬ್ಬೆರಳುಗಳು ಅಷ್ಟು ಚುರುಕಾಗಿ ಓಡುವುದನ್ನು ನೋಡಿ ನಾವೇ ಬೆರಗಾಗುವೆವು. ಆದರೆ ಬರೆದ ಕಾಗದವನ್ನು ಗಣಕದಲ್ಲಿ ಎಲ್ಲಿ ಇಟ್ಟೆಯಮ್ಮಾ ಎಂದು ಕೇಳಿದರೆ ಆ ಚುರುಕು ಬೆರಳುಗಳ ಒಡತಿಯೇ ಸುಮ್ಮನೆ ನಿಲ್ಲುವಳು. ಮೊಬೈಲು ಅದನ್ನು ಕೇಳುವುದಿಲ್ಲ; ಕಚೇರಿಯು ಕೇಳುವುದು.

ಆದಕಾರಣ ನಮ್ಮ ಶಾಲೆಯ ಗಣಕದ ಕೊಠಡಿಯಲ್ಲಿ, ಯಂತ್ರಗಳು ಸಾಕಷ್ಟಿದ್ದರೂ, ಒಂದೊಂದರ ಮುಂದೆಯೂ ಇಬ್ಬಿಬ್ಬರನ್ನೇ ಕೂರಿಸುವೆವು. ಒಬ್ಬಳು ಕೀಲಿಯನ್ನು ಒತ್ತುವಳು. ಇನ್ನೊಬ್ಬಳು ಏಕೆಂದು ಕೇಳುವಳು. ಅರ್ಧ ಗಂಟೆಗೆ ಕುರ್ಚಿ ಬದಲು. ಯಂತ್ರಕ್ಕೆ ಬಡತನವೋ ಎಂದು ಒಬ್ಬ ತಂದೆ ನಮ್ಮನ್ನು ಕೇಳಿದ್ದುಂಟು. ಅಲ್ಲ, ಬೇಕೆಂದೇ ಮಾಡಿದ್ದು. ಎಂಟನೆಯ ತರಗತಿಯವರಿಗೆ ನಾವೇ ತಪ್ಪುಗಳನ್ನು ಬೆರಸಿದ ಒಂದು ಹಾಜರಿಪಟ್ಟಿಯನ್ನು ಕೊಟ್ಟು ಹುಡುಕಿಸುವೆವು: ಫೆಬ್ರುವರಿ 30ರಂದು ಹುಟ್ಟಿದವಳು, ತರಗತಿಯಲ್ಲಿ ಎರಡು ಸಾರಿ ಇರುವವಳು, ತಂದೆಗಿಂತ ಹಿರಿಯಳಾದವಳು. ಯಂತ್ರವು ತೋರಿಸಿತೆಂಬ ಮಾತ್ರಕ್ಕೆ ನಂಬತಕ್ಕದ್ದಲ್ಲವೆಂಬುದು ಆ ನಗುವಿನ ನಡುವೆ ತಾನಾಗಿ ತಿಳಿಯುವುದು. ಪ್ರತಿಯೊಬ್ಬಳೂ ತನ್ನ ಮಾತಿನಲ್ಲಿ ಒಂದು ನೋಟುಪುಸ್ತಕವನ್ನು ಬರೆದಿಡಬೇಕು. ಅದನ್ನು ಓದಿ ಮುಂದಿನ ವರ್ಷದವರು ಕೆಲಸಮಾಡಲು ಬಂದರೆ ಅಂಕ, ಬಾರದಿದ್ದರೆ ಇಲ್ಲ. ತಿಳಿವಳಿಕೆಯನ್ನು ಹಂಚಿಕೊಳ್ಳಬೇಕು, ಗುಪ್ತಪದವನ್ನು ಹಂಚಿಕೊಳ್ಳಬಾರದು ಎಂಬ ಭೇದವನ್ನೂ ಒತ್ತಿಹೇಳುವೆವು. (ಗೋಡೆಯ ಪಂಚಾಂಗದ ಹಿಂಬದಿಯಲ್ಲಿ ಗುಪ್ತಪದವನ್ನು ದಪ್ಪಕ್ಷರದಲ್ಲಿ ಬರೆದಿಟ್ಟ ಕಚೇರಿಗಳನ್ನು ನಾವು ಕಂಡಿದ್ದೇವೆ; ಯಾವುವೆಂದು ಹೇಳುವುದಿಲ್ಲ.)

ಕಚೇರಿಯ ಕಾಯಿದೆಯನ್ನೂ ಕಿಟಕಿಯ ಮುಂದಿನ ಅವಸರವನ್ನೂ ಮಾತ್ರ ನಾವು ಶಾಲೆಯೊಳಕ್ಕೆ ತರಲಾರೆವು. ಅದನ್ನು ಬಲ್ಲವರು ಹಳೆಯ ವಿದ್ಯಾರ್ಥಿನಿಯರಾದ ನೀವು. ಶಾಲೆಯ ದಿನಗಳಲ್ಲಿ ಶನಿವಾರ ಹನ್ನೆರಡು ಗಂಟೆಯ ಮೇಲೆ ಗಣಕದ ಕೊಠಡಿಯು ತೆರೆದಿರುವುದು. ನಿಮಗೆ ಬಿಡುವಾದ ಯಾವ ಶನಿವಾರವಾದರೂ ಬಂದು ಒಂದು ಗಂಟೆಯ ಹೊತ್ತು ಹತ್ತನೆಯ ತರಗತಿಯವರ ಜೊತೆಯಲ್ಲಿ ಕುಳಿತು, ಕೆಲಸದಲ್ಲಿ ನಿಮಗೆ ಎದುರಾದ ಒಂದು ತೊಡಕನ್ನು ಹೇಳಿರಿ. ಭಾಷಣವು ಬೇಡ. ನಿಮ್ಮ ಮೇಜಿನ ನೋಟುಪುಸ್ತಕವನ್ನು ತರುವುದಾದರೆ ಅದರಲ್ಲಿ ಜನರ ಹೆಸರುಗಳೂ ಖಾತೆಗಳೂ ಇಲ್ಲದಂತೆ ನೋಡಿಕೊಳ್ಳಿರಿ. ಹಿಂದಿನ ದಿನ ಕಚೇರಿಗೆ ಒಂದು ಮಾತು ತಿಳಿಸಿದರೆ ಸಾಕು. ಮೂರನೆಯ ಕುರ್ಚಿಯನ್ನು ಹಾಕಿಸಿಟ್ಟಿರುವೆವು.